ನರ್ಸಿಂಗ್ ತತ್ವ ಬರೆದು ಮುಗಿಸಿದೆ: ಮುಂದೆ ಬರೆಯುವವರಿಗೆ ಗೊತ್ತಿರಲೆಂದು

ನರ್ಸಿಂಗ್ ಓದುವವರಿಗೆ, ಕೆಲಸಕ್ಕೆ ಅರ್ಜಿ ಹಾಕುವವರಿಗೆ, ಬಡ್ತಿಗೆ ಫೈಲು ಸಿದ್ಧ ಮಾಡುವವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ‘ನಿಮ್ಮ ವೈಯಕ್ತಿಕ ನರ್ಸಿಂಗ್ ತತ್ವವೇನು, ಬರೆದು ಕೊಡಿ.’ ಅಂದರೆ ನರ್ಸಿಂಗ್ ಬಗ್ಗೆ ನಿಮ್ಮ ನಂಬಿಕೆ ಏನು, ಅದನ್ನು ಕೆಲಸದಲ್ಲಿ ಹೇಗೆ ತೋರಿಸುತ್ತೀರಿ ಎಂಬ ಬರಹ. ಕೇಳುವುದು ಒಂದೆರಡು ಪುಟ ಮಾತ್ರ. ಆ ಒಂದೆರಡು ಪುಟ ಬರೆದು, ತಿದ್ದಿಸಿ, ಮತ್ತೆ ಬರೆದು, ಸಹಿ ಹಾಕಿಸಿಕೊಳ್ಳುವ ಹೊತ್ತಿಗೆ ಸಾಕುಸಾಕಾಗುತ್ತದೆ. ನನ್ನದು ಈಗಷ್ಟೇ ಮುಗಿಯಿತು. ಎಲ್ಲವೂ ನೆನಪಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ.

ಇಡೀ ಕೆಲಸದಲ್ಲಿ ನನ್ನ ಕೈಹಿಡಿದ ನಿಯಮ ಒಂದೇ: ತತ್ವದಲ್ಲಿ ಬರುವ ಪ್ರತಿ ವಾಕ್ಯಕ್ಕೂ ರೋಗಿಯ ಮಂಚದ ಪಕ್ಕದಲ್ಲಿ ಕೈಯಾರೆ ಮಾಡುವ ಒಂದು ಕೆಲಸ ಇರಬೇಕು. ಕೆಲಸ ಇಲ್ಲದ ವಾಕ್ಯ ಎಷ್ಟೇ ಚೆನ್ನಾಗಿದ್ದರೂ ಹೊಡೆದುಹಾಕಬೇಕು. ಈ ನಿಯಮ ಹಿಡಿದ ಮೇಲೆ ಬರವಣಿಗೆ ಸುಲಭವಾಯಿತು ಎನ್ನಲಾರೆ, ಆದರೆ ಎತ್ತ ಹೋಗಬೇಕು ಎಂಬುದು ಕಂಡಿತು.

ಪೆನ್ನು ಹಿಡಿಯುವ ಮೊದಲು ಕೆಲವು ಕಾಗದಗಳನ್ನು ಒಟ್ಟು ಮಾಡಿಕೊಳ್ಳಿ. ಮೌಲ್ಯಮಾಪನದ ಮಾನದಂಡ, ಅಂದರೆ ಯಾವ ಭಾಗಕ್ಕೆ ಎಷ್ಟು ಅಂಕ ಎಂಬ ಹಾಳೆ. ನೀವು ಕೆಲಸ ಮಾಡುವ ಅಥವಾ ಮಾಡಬಯಸುವ ಹುದ್ದೆಯ ಕರ್ತವ್ಯ ಪಟ್ಟಿ. ನಿಮ್ಮ ನರ್ಸಿಂಗ್ ಮಂಡಳಿಯ ನೀತಿಸಂಹಿತೆ, ಜೊತೆಗೆ ಅಂತರರಾಷ್ಟ್ರೀಯ ನರ್ಸುಗಳ ಮಂಡಳಿಯ ಸಂಹಿತೆ. ಅದು ಮೊದಲು ಬಂದದ್ದು 1953ರಲ್ಲಿ, 2021ರಲ್ಲಿ ಪರಿಷ್ಕರಣೆಯಾಗಿದೆ. ಹಳೆಯ ಪ್ರತಿಯನ್ನು ಇಟ್ಟುಕೊಂಡು ಬರೆದರೆ ತಿದ್ದುವವರ ಕಣ್ಣಿಗೆ ಮೊದಲು ಬೀಳುವುದೇ ಅದು. ಕೊನೆಯದಾಗಿ ನಿಮ್ಮ ಡ್ಯೂಟಿ ಡೈರಿ. ಡೈರಿ ಬರೆಯುವ ರೂಢಿ ಇಲ್ಲದವರು ಇವತ್ತಿನಿಂದಲೇ ಶುರು ಮಾಡಿ. ಶಿಫ್ಟ್ ಮುಗಿದ ಮೇಲೆ ಏನಾಯಿತು, ಏನನ್ನಿಸಿತು, ಏನು ಸರಿಹೋಯಿತು, ಏಕೆ, ಮುಂದಿನ ಸಲ ಏನು ಮಾಡುವುದು ಎಂದು ನಾಲ್ಕು ಸಾಲು ಸಾಕು. ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ ಅವರು 1988ರಲ್ಲಿ ಕೊಟ್ಟ ಚಿಂತನ ಚಕ್ರದ ಸಾರವೂ ಇಷ್ಟೇ. ಡೈರಿ ಇಲ್ಲದೆ ತತ್ವ ಬರೆಯಲು ಕೂತರೆ ಪುಸ್ತಕದ ಮಾತುಗಳಷ್ಟೇ ಹಾಳೆಗೆ ಇಳಿಯುತ್ತವೆ.

ಚೌಕಟ್ಟಿನ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಹುಪಾಲು ಕಡೆ ನಿರೀಕ್ಷಿಸುವುದು ನಾಲ್ಕು ಪರಿಕಲ್ಪನೆ: ವ್ಯಕ್ತಿ, ಪರಿಸರ, ಆರೋಗ್ಯ, ನರ್ಸಿಂಗ್. ಈ ನಾಲ್ಕರ ಬಗ್ಗೆ ನಿಮ್ಮ ನಂಬಿಕೆ ಏನು ಎಂದು ಒಂದೊಂದು ಪ್ಯಾರಾ. ಸಿದ್ಧಾಂತಿಗಳಲ್ಲಿ ಇಬ್ಬರನ್ನು ಆರಿಸಿಕೊಂಡರೆ ಸಾಕು. ಎಲ್ಲರ ಹೆಸರನ್ನೂ ತುರುಕಿದರೆ ನಿಮ್ಮ ದನಿಯೇ ಕೇಳದೆ ಹೋಗುತ್ತದೆ. ಸಾಂಸ್ಕೃತಿಕ ಆರೈಕೆಯ, ಅಂದರೆ ರೋಗಿಯ ನಂಬಿಕೆ, ರೂಢಿಗಳಿಗೆ ಹೊಂದುವ ಆರೈಕೆಯ ಬಗ್ಗೆ ಬರೆಯುವವರಿಗೆ ಅಮೆರಿಕದ ನರ್ಸಿಂಗ್ ಸಿದ್ಧಾಂತಿ ಮೆಡಲಿನ್ ಲೈನಿಂಗರ್ ತಪ್ಪಿಸಲಾಗದ ಹೆಸರು. ಎರಡನೆಯದಾಗಿ ನಾನು ಆರಿಸಿಕೊಂಡದ್ದು ನ್ಯೂಜಿಲೆಂಡಿನ ಮಾವೊರಿ ನರ್ಸ್ ಇರಿಹಪೇಟಿ ರಾಮ್ಸ್‌ಡೆನ್ ಅವರನ್ನು. ‘ಸಾಂಸ್ಕೃತಿಕ ಸುರಕ್ಷತೆ’ ಎಂಬ ವಿಚಾರವನ್ನು ಕಟ್ಟಿ ಬೆಳೆಸಿದವರು ಅವರು. ಆರೈಕೆ ಸುರಕ್ಷಿತವಾಗಿತ್ತೋ ಇಲ್ಲವೋ ಎಂದು ತೀರ್ಮಾನಿಸುವ ಹಕ್ಕು ಕೊಟ್ಟವರದ್ದಲ್ಲ, ಪಡೆದವರದ್ದು ಎಂಬುದು ಅವರ ನಿಲುವು. ಈ ಒಂದು ಮಾತು ನನ್ನ ಇಡೀ ಬರಹದ ದಿಕ್ಕು ನಿರ್ಧರಿಸಿತು. ‘ನಾನು ಸಂಸ್ಕೃತಿಗಳನ್ನು ಗೌರವಿಸುತ್ತೇನೆ’ ಎಂದು ನಾನೇ ಹೇಳಿಕೊಂಡರೆ ಬೆಲೆಯಿಲ್ಲ. ರೋಗಿ ಹಾಗೆ ಹೇಳಬೇಕು. ಹಾಗಾದರೆ ನಾನು ಬರೆಯಬೇಕಾದದ್ದು ನನ್ನ ಗುಣಗಳನ್ನಲ್ಲ, ನಾನು ಏನು ಕೇಳುತ್ತೇನೆ, ಯಾವಾಗ ಕೇಳುತ್ತೇನೆ, ಸಿಕ್ಕ ಉತ್ತರವನ್ನು ಏನು ಮಾಡುತ್ತೇನೆ ಎಂಬುದನ್ನು.

ಮೊದಲ ಕರಡು ಮಾರ್ಗದರ್ಶಕರ ಕೈಯಿಂದ ವಾಪಸು ಬಂದಾಗ ಅಂಚಿನುದ್ದಕ್ಕೂ ‘ಹೇಗೆ?’ ‘ಹೇಗೆ?’ ಎಂದು ಬರೆದಿರುತ್ತದೆ. ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಆ ‘ಹೇಗೆ’ಗಳಿಗೆ ಉತ್ತರ ಹುಡುಕುವುದರಲ್ಲೇ ತತ್ವ ಇದೆ. ಸಾಮಾನ್ಯವಾಗಿ ಮೊದಲು ಗುರುತು ಬೀಳುವ ವಾಕ್ಯ ‘ಎಲ್ಲ ರೋಗಿಗಳನ್ನೂ ಒಂದೇ ರೀತಿ ನೋಡಿಕೊಳ್ಳುತ್ತೇನೆ’ ಎಂಬುದು. ಕೇಳಲು ನ್ಯಾಯವಾಗಿದೆ. ಕಿವಿ ಕೇಳದವರಿಗೂ ಕೇಳುವವರಿಗೂ ಒಂದೇ ರೀತಿ ಔಷಧ ವಿವರಿಸಿದರೆ ಒಬ್ಬರಿಗೆ ಏನೂ ತಿಳಿಯುವುದಿಲ್ಲ. ಎಲ್ಲರಿಗೂ ಒಂದೇ ಗುಣಮಟ್ಟದ ಆರೈಕೆ ಸಿಗಬೇಕು, ಅದಕ್ಕಾಗಿಯೇ ಆರೈಕೆಯ ರೀತಿ ಒಬ್ಬೊಬ್ಬರಿಗೆ ಒಂದೊಂದು ಆಗಬೇಕು ಎಂದು ಬಿಡಿಸಿ ಬರೆಯಿರಿ.

ಕರುಣೆಯ ಭಾಗ ಬರೆಯುವಾಗ ವಿಶೇಷಣಗಳು ತಾವಾಗಿಯೇ ನುಗ್ಗಿ ಬರುತ್ತವೆ. ಅವನ್ನು ಬದಿಗಿಟ್ಟು, ವಾರ್ಡಿನಲ್ಲಿ ಕರುಣೆ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ನೋಡಿ. ಮಾತಾಡುವಾಗ ಮಂಚದ ಎತ್ತರಕ್ಕೆ ಕೂರುವುದು. ಬಾಗಿಲಲ್ಲಿ ಒಂದು ಕಾಲಿಟ್ಟು ಮಾತಾಡಿದರೆ ರೋಗಿ ಅರ್ಧ ಪ್ರಶ್ನೆ ನುಂಗಿಕೊಳ್ಳುತ್ತಾರೆ. ಮುಟ್ಟುವ ಮೊದಲು ಎಲ್ಲಿ, ಏಕೆ ಎಂದು ಹೇಳುವುದು. ಪ್ರಜ್ಞೆ ಇಲ್ಲದವರಿಗೂ ಹೇಳಬೇಕು, ಕೇಳಿಸುವುದಿಲ್ಲ ಎಂದು ನಾವು ನಿರ್ಧರಿಸುವಂತಿಲ್ಲ. ‘ಆಮೇಲೆ ಬರುತ್ತೇನೆ’ ಎನ್ನುವ ಬದಲು ‘ಪಕ್ಕದವರ ಡ್ರೆಸ್ಸಿಂಗ್ ಮುಗಿಸಿ ಅರ್ಧ ಗಂಟೆಯಲ್ಲಿ ಬರುತ್ತೇನೆ’ ಎಂದು ಹೇಳಿ, ಹೇಳಿದ ಹೊತ್ತಿಗೆ ಬರುವುದು. ಆಗದಿದ್ದರೆ ಯಾರಿಂದಲಾದರೂ ಹೇಳಿ ಕಳಿಸುವುದು. ರೋಗಿಗೆ ಕಾಣುವಂತೆ, ಆದರೆ ಕೇಳದಂತೆ ಪಿಸುಮಾತಾಡದಿರುವುದು. ರೋಗಿಯ ಕೋಣೆಯಲ್ಲಿ ಪಿಸುಗುಟ್ಟುವುದು ಕ್ರೂರವೆಂದು ಫ್ಲಾರೆನ್ಸ್ ನೈಟಿಂಗೇಲ್ 19ನೇ ಶತಮಾನದಲ್ಲೇ ಬರೆದರು. ಹ್ಯಾಂಡ್‌ಓವರ್ ಹೊತ್ತಿನಲ್ಲಿ, ಅಂದರೆ ಮುಂದಿನ ಶಿಫ್ಟಿನವರಿಗೆ ರೋಗಿಯ ವಿವರ ಒಪ್ಪಿಸುವಾಗ, ಮಂಚದ ಕಾಲಬದಿ ನಿಂತು ನಾವು ಇವತ್ತಿಗೂ ಅದನ್ನೇ ಮಾಡುತ್ತೇವೆ.

ನೋವಿಗೆ ಒಂದು ಪ್ಯಾರಾ ಮೀಸಲಿಡಿ. ಗಟ್ಟಿಯಾಗಿ ಅಳುವವರೂ ಇದ್ದಾರೆ, ತುಟಿ ಕಚ್ಚಿ ಸುಮ್ಮನಿರುವವರೂ ಇದ್ದಾರೆ. ಬೆಳೆದ ಮನೆ, ಕಲಿತ ನಡವಳಿಕೆ, ‘ತೊಂದರೆ ಕೊಡಬಾರದು’ ಎಂಬ ಸಂಕೋಚ ಎಲ್ಲವೂ ಇದರ ಹಿಂದೆ ಇರುತ್ತವೆ. ಮುಖ ನೋಡಿ ನೋವು ಅಳೆದರೆ ಸುಮ್ಮನಿರುವವರಿಗೆ ಔಷಧ ತಪ್ಪುತ್ತದೆ. 0ಯಿಂದ 10ರ ಅಳತೆಯಲ್ಲಿ ಕೇಳಬೇಕು, ಮಲಗಿದ್ದಾಗ ಮಾತ್ರವಲ್ಲ, ಮಗ್ಗುಲಾದಾಗ, ಕೆಮ್ಮಿದಾಗ ಕೂಡ. ಅಂಕಿ ಒಗ್ಗದವರಿಗೆ ಮುಖದ ಚಿತ್ರಗಳ ಅಳತೆ, ಮಾತು ಬಾರದವರಿಗೆ ನಡವಳಿಕೆ ನೋಡಿ ಅಂಕ ಕೊಡುವ ಅಳತೆ ಇದೆ. ಔಷಧ ಕೊಟ್ಟು ಕೈತೊಳೆದುಕೊಂಡರೆ ಮುಗಿಯಲಿಲ್ಲ. ರಕ್ತನಾಳಕ್ಕೆ ಕೊಟ್ಟಿದ್ದರೆ 15ರಿಂದ 30 ನಿಮಿಷದಲ್ಲಿ, ಬಾಯಿಂದ ಕೊಟ್ಟಿದ್ದರೆ ಒಂದು ಗಂಟೆಯ ಹೊತ್ತಿಗೆ ಮತ್ತೆ ಹೋಗಿ ಕೇಳಬೇಕು. ‘ನಾನು ನೋವನ್ನು ಗಂಭೀರವಾಗಿ ಪರಿಗಣಿಸುತ್ತೇನೆ’ ಎಂಬ ವಾಕ್ಯದ ಪಕ್ಕ ನಿಲ್ಲುವ ಕೆಲಸ ಆ ಎರಡನೇ ಭೇಟಿ.

ಘನತೆಯ ಬಗ್ಗೆ ಬರೆಯುವವರು ಬೇರೇನೂ ಬರೆಯದಿದ್ದರೂ ಹಾಸಿಗೆಯಲ್ಲೇ ಮಾಡಿಸುವ ಸ್ನಾನದ ಬಗ್ಗೆ ಬರೆಯಿರಿ. ಯಾರದೋ ಮೈಯನ್ನು ಅವರ ಕೈಲಾಗದ ಹೊತ್ತಿನಲ್ಲಿ ತೊಳೆಯುವಾಗ ನಮ್ಮ ತತ್ವ ಏನು ಎಂಬುದು ಆ ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ. ನೀರು ತರುವ ಮೊದಲೇ ಕೇಳಬೇಕಾದದ್ದು: ಈಗ ಬೇಕೋ ಆಮೇಲೋ, ಹೆಣ್ಣು ನರ್ಸ್ ಮಾಡಬೇಕೋ ಗಂಡು ನರ್ಸ್ ಆದರೂ ಸರಿಯೋ, ಮನೆಯವರು ಯಾರಾದರೂ ಜೊತೆಗಿರಬೇಕೋ, ತಲೆಯ ಮೇಲಿನ ಬಟ್ಟೆ ತೆಗೆಯಬಹುದೋ. ಪರದೆ ಎಳೆದ ಮೇಲೆ ಎರಡು ಅಂಚು ಸೇರುವಲ್ಲಿ ಸಂದಿ ಉಳಿಯುತ್ತದೆ, ಅದಕ್ಕೆ ಕ್ಲಿಪ್ ಹಾಕಿ. ಫ್ಯಾನ್ ನಿಲ್ಲಿಸಿ. ಮೇಲೆ ದೊಡ್ಡ ಟವೆಲ್ ಹೊದಿಸಿ, ಅದರ ಅಡಿಯಿಂದ ಹಾಸಿಗೆಯ ಹೊದಿಕೆ ಎಳೆದುಕೊಳ್ಳಿ, ಆಗ ಒಂದು ಕ್ಷಣವೂ ಮೈ ಬರಿದಾಗುವುದಿಲ್ಲ. ಕಣ್ಣಿಗೆ ಸೋಪು ಬೇಡ. ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿ, ಎರಡನೇ ಕಣ್ಣಿಗೆ ಬಟ್ಟೆಯ ಬೇರೆ ಮೂಲೆ. ಮುಖ, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು ಹೀಗೆ ಒಂದೊಂದೇ ಭಾಗ ತೆರೆದು, ತೊಳೆದು, ಒರೆಸಿ, ಮುಚ್ಚಿ ಮುಂದಕ್ಕೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಅನುಮಾನವಿದ್ದರೆ ಉಜ್ಜುವುದು ಬೇಡ. ನೀರು ತಣ್ಣಗಾದರೆ ಬದಲಿಸಿ, ಗುಪ್ತಾಂಗ ತೊಳೆಯುವ ಮೊದಲಂತೂ ಬದಲಿಸಲೇಬೇಕು. ಅಲ್ಲಿಗೆ ಬಂದಾಗ ಒದ್ದೆ ಬಟ್ಟೆಯನ್ನು ರೋಗಿಯ ಕೈಗೇ ಕೊಟ್ಟು, ‘ಇದು ನೀವೇ ಮಾಡಿಕೊಳ್ಳುತ್ತೀರಾ?’ ಎಂದು ಕೇಳಿ ಮುಖ ಅತ್ತ ತಿರುಗಿಸಿ. ಕೈ ನಡುಗಿದರೂ, ಹೊತ್ತು ಹಿಡಿದರೂ ಬಹಳ ಜನ ತಾವೇ ಮಾಡಿಕೊಳ್ಳಲು ಬಯಸುತ್ತಾರೆ. ಕೊನೆಗೆ ಚರ್ಮದ ಮಡಿಕೆಗಳಲ್ಲಿ ತೇವ ಉಳಿಯದಂತೆ ಒತ್ತಿ ಒರೆಸಿ. ನನ್ನ ಬರಹದಲ್ಲಿ ಮಾರ್ಗದರ್ಶಕರು ಒಂದೂ ಗುರುತು ಹಾಕದೆ ಬಿಟ್ಟ ಪ್ಯಾರಾ ಇದು.

ಸಂಸ್ಕೃತಿಯ ಭಾಗಕ್ಕೆ ಬಂದಾಗ ದೊಡ್ಡ ಆಮಿಷವೆಂದರೆ ‘ಈ ಧರ್ಮದವರು ಹೀಗೆ, ಆ ದೇಶದವರು ಹಾಗೆ’ ಎಂಬ ಪಟ್ಟಿ. ಓದಿಕೊಳ್ಳಿ, ಬೇಡವೆನ್ನುವುದಿಲ್ಲ. ಯಾವ ಪ್ರಶ್ನೆ ಕೇಳಬೇಕು ಎಂಬುದಕ್ಕೆ ಆ ಓದು ನೆರವಾಗುತ್ತದೆ. ಆದರೆ ಉತ್ತರ ಅಲ್ಲಿಂದ ತೆಗೆದುಕೊಳ್ಳಬಾರದು. ಒಂದೇ ಮನೆಯ ಅಣ್ಣ ವ್ರತ ಹಿಡಿಯುತ್ತಾನೆ, ತಂಗಿ ಹಿಡಿಯುವುದಿಲ್ಲ. ಹೆಸರು ನೋಡಿ ಊಹಿಸಿದ ನರ್ಸ್ ಇಬ್ಬರಲ್ಲಿ ಒಬ್ಬರಿಗೆ ನೋವು ಮಾಡುತ್ತಾರೆ. 1998ರಲ್ಲಿ ಟೆರ್ವಲೋನ್ ಮತ್ತು ಮರ್ರೆ-ಗಾರ್ಸಿಯಾ ಎಂಬ ಇಬ್ಬರು ವೈದ್ಯೆಯರು ‘ಸಾಂಸ್ಕೃತಿಕ ವಿನಯ’ ಎಂದು ಕರೆದದ್ದು ಇದನ್ನೇ: ಇನ್ನೊಬ್ಬರ ಸಂಸ್ಕೃತಿಯಲ್ಲಿ ಪಾರಂಗತರಾಗಿಬಿಟ್ಟೆವು ಎನ್ನುವ ಹಂತ ಬರುವುದೇ ಇಲ್ಲ, ಕಲಿಯುತ್ತಲೇ ಇರಬೇಕು.

ಏನು ಕೇಳಬೇಕು? ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಮುಂದಿಟ್ಟ ಪ್ರಶ್ನೆಗಳು ಇವತ್ತಿಗೂ ಹಳೆಯದಾಗಿಲ್ಲ. ಅವನ್ನು ಆಡುಮಾತಿಗೆ ಇಳಿಸಿಕೊಳ್ಳಿ: ಈ ತೊಂದರೆಗೆ ನಿಮ್ಮಲ್ಲಿ ಏನಂತಾರೆ? ಯಾತರಿಂದ ಬಂತು ಅನ್ನಿಸುತ್ತೆ? ಈಗಲೇ ಯಾಕೆ ಶುರುವಾಯಿತು? ಇದರಿಂದ ನಿಮಗೆ ತೀರಾ ಕಷ್ಟವಾಗಿರುವುದು ಯಾವುದು? ಎಂಥ ಚಿಕಿತ್ಸೆ ಸಿಕ್ಕರೆ ಒಳ್ಳೇದು ಅನ್ನಿಸುತ್ತೆ? ಯಾವುದಕ್ಕೆ ತುಂಬಾ ಹೆದರಿಕೆ? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಕಾಯಿಲೆಗಿಂತ ದೊಡ್ಡದಾದ ಭಯ ಎಷ್ಟೋ ಸಲ ಅಲ್ಲಿ ಕೂತಿರುತ್ತದೆ: ಕೆಲಸ ಹೋಗುವುದು, ಮಗಳ ಮದುವೆ ನಿಲ್ಲುವುದು, ಮನೆಗೆ ಭಾರವಾಗುವುದು. ಎಲ್ಲವನ್ನೂ ಅಡ್ಮಿಷನ್ ಫಾರಂ ತುಂಬುವಾಗಲೇ ಕೇಳಬೇಕಿಲ್ಲ. ಏದುಸಿರು ಬಿಡುತ್ತಿರುವವರನ್ನು ಹೀಗೆ ವಿಚಾರಿಸುವುದು ಸಲ್ಲದು. ಮೊದಲ ಗಂಟೆಯಲ್ಲಿ ಎರಡು ಸಾಕು: ನಿಮ್ಮನ್ನು ಏನೆಂದು ಕರೆಯಲಿ? ನಾವು ತಿಳಿದಿರಲೇಬೇಕಾದ್ದು, ಮಾಡಲೇಬಾರದ್ದು ಏನಾದರೂ ಇದೆಯಾ? ಉಳಿದದ್ದನ್ನು ಬಿಪಿ ನೋಡುವಾಗ, ಮಾತ್ರೆ ಕೊಡುವಾಗ ಒಂದೊಂದಾಗಿ ಕೇಳಬಹುದು. ಉತ್ತರ ಕೇರ್ ಪ್ಲಾನಿಗೆ, ಅಂದರೆ ಆ ರೋಗಿಯ ಆರೈಕೆ ಹೇಗೆಂದು ಬರೆದಿಡುವ ಹಾಳೆಗೆ ಏರಬೇಕು. ನಮ್ಮ ತಲೆಯಲ್ಲೇ ಉಳಿದರೆ ಮುಂದಿನ ಶಿಫ್ಟಿನವರು ಅದೇ ತಪ್ಪು ಮಾಡುತ್ತಾರೆ, ರೋಗಿ ಮತ್ತೆ ಮೊದಲಿಂದ ಹೇಳಬೇಕಾಗುತ್ತದೆ.

ಉತ್ತರ ಸಿಕ್ಕ ಮೇಲೆ ಏನು ಮಾಡುವುದು ಎಂಬಲ್ಲಿ ಲೈನಿಂಗರ್ ಕೈಹಿಡಿಯುತ್ತಾರೆ. ಅವರು ಹೇಳಿದ ದಾರಿ ಮೂರು: ಇರುವುದನ್ನು ಹಾಗೇ ಉಳಿಸಿಕೊಳ್ಳುವುದು, ಹೊಂದಿಸಿಕೊಳ್ಳುವುದು, ಬದಲಿಸಲು ನೆರವಾಗುವುದು. ಇವನ್ನು ಉದಾಹರಣೆ ಇಲ್ಲದೆ ಬರೆದರೆ ಮತ್ತೆ ‘ಹೇಗೆ?’ ಬೀಳುತ್ತದೆ. ಉಪವಾಸವನ್ನೇ ತೆಗೆದುಕೊಳ್ಳಿ. ಆರೋಗ್ಯ ಗಟ್ಟಿಯಿರುವ, ದಿನಕ್ಕೊಂದೇ ಮಾತ್ರೆ ನುಂಗುವವರ ಉಪವಾಸಕ್ಕೆ ಮಾತ್ರೆಯ ಹೊತ್ತು ಬದಲಿಸಿದರೆ ಸಾಕು. ಅದನ್ನು ವೈದ್ಯರೊಡನೆ ಮಾತಾಡಿ ಬರೆಸಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಉಪವಾಸ ಬೇರೆ ಮಾತು. ಡೋಸು ಬದಲಾಗಬೇಕು, ದಿನದಲ್ಲಿ ಹಲವು ಸಲ ಸಕ್ಕರೆ ನೋಡಬೇಕು, ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಬೇಕು ಎಂಬ ಒಪ್ಪಂದ ಮೊದಲೇ ಆಗಿರಬೇಕು. ಪದೇ ಪದೇ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವವರಿಗೆ ಉಪವಾಸ ಬೇಡವೆಂದು ಹೇಳಲೇಬೇಕು. ಹಾಗೆ ಹೇಳುವ ಮೊದಲು ಅವರ ಧರ್ಮಗುರುಗಳ ಜೊತೆ ಮಾತಾಡಲು ಅವಕಾಶ ಮಾಡಿಕೊಡಿ. ಕಾಯಿಲೆಯವರಿಗೆ ವಿನಾಯಿತಿ ಇರುವ ಸಂಪ್ರದಾಯಗಳು ಬಹಳ, ಮತ್ತು ಆ ಮಾತು ನರ್ಸ್ ಬಾಯಿಂದ ಬರುವುದಕ್ಕಿಂತ ಅವರ ಬಾಯಿಂದ ಬಂದರೆ ಮನಸ್ಸು ಹಗುರವಾಗುತ್ತದೆ.

ಆಪರೇಷನ್ನಿಗೆ ಸಿದ್ಧ ಮಾಡುವಾಗ ಮೈಮೇಲಿನ ದಾರ, ತಾಯಿತ, ಉಂಗುರದ ಪ್ರಶ್ನೆ ಏಳುತ್ತದೆ. ಕತ್ತರಿ ಕೈಗೆತ್ತಿಕೊಳ್ಳುವ ಮೊದಲು ಯೋಚಿಸಿ. ಲೋಹವನ್ನು ತೆಗೆಯಲು ಗಟ್ಟಿ ಕಾರಣವಿದೆ: ವಿದ್ಯುತ್ತಿನಿಂದ ಕೊಯ್ದು ರಕ್ತ ನಿಲ್ಲಿಸುವ ಉಪಕರಣದಿಂದ ಸುಟ್ಟಗಾಯದ ಅಪಾಯ, ಎಂಆರ್‌ಐನಲ್ಲಿ ಆಯಸ್ಕಾಂತದ ಸೆಳೆತ, ಬೆರಳು ಊದಿಕೊಂಡರೆ ಉಂಗುರ ಬಿಗಿಯುವುದು. ಕಾರಣ ಹೇಳಿದರೆ ಬಹುತೇಕ ಜನ ಒಪ್ಪುತ್ತಾರೆ. ದಾರ ಆಪರೇಷನ್ ಜಾಗಕ್ಕೆ ದೂರವಿದ್ದರೆ ಸರಿಸಿ ಟೇಪ್ ಹಾಕಬಹುದೇ ಎಂದು ಥಿಯೇಟರಿನವರನ್ನು ಕೇಳಿ. ಬಿಚ್ಚಲೇಬೇಕಾದರೆ ಅವರ ಕೈಯಿಂದಲೇ ಅಥವಾ ಮನೆಯವರ ಕೈಯಿಂದ ಬಿಚ್ಚಿಸಿ, ಹೆಸರು ಬರೆದ ಚೀಲಕ್ಕೆ ಹಾಕಿ, ಯಾರ ಕೈಗೆ ಕೊಟ್ಟೆವು ಎಂದು ಬರೆದಿಡಿ. ಪ್ರಜ್ಞೆ ಬಂದ ಮೇಲೆ ಮೊದಲು ಹುಡುಕುವುದೇ ಅದನ್ನು.

ಔಷಧಗಳಲ್ಲೂ ಕೇಳಬೇಕಾದ್ದಿದೆ, ಇದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಮತ್ತು ಎನಾಕ್ಸಾಪರಿನ್ ಹಂದಿಯ ಕರುಳಿನಿಂದ ಬರುತ್ತವೆ. ಅನೇಕ ಕ್ಯಾಪ್ಸೂಲುಗಳ ಹೊರಕವಚ ಹಸು ಇಲ್ಲವೇ ಹಂದಿಯ ಜೆಲಟಿನ್. ಆಕ್ಷೇಪಣೆ ಇದ್ದವರಿಗೆ ಫಾರ್ಮಸಿಯವರ ಜೊತೆ ಮಾತಾಡಿ ಬೇರೆ ರೂಪ ಹುಡುಕಬಹುದು. ಹೆಪಾರಿನ್ ಬದಲಿಗೆ ಕೆಲವು ಸಂದರ್ಭಗಳಲ್ಲಿ ಸಂಶ್ಲೇಷಿತ ಫಾಂಡಪಾರಿನಕ್ಸ್ ಇದೆ. ತುರ್ತಿನಲ್ಲಿ ಬದಲಿ ಇಲ್ಲದಿದ್ದರೆ ಆ ಮಾತನ್ನೂ ಮುಚ್ಚಿಡದೆ ಹೇಳಬೇಕು. ನಂಬಿಕೆಯ ಕಾರಣಕ್ಕೆ ರಕ್ತ ಬೇಡವೆನ್ನುವವರನ್ನು ‘ರಕ್ತ ಬೇಡವಂತೆ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬೇಡಿ. ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್, ಆಲ್ಬುಮಿನ್, ಆಪರೇಷನ್ ವೇಳೆ ಸೋರಿದ ಅವರದೇ ರಕ್ತವನ್ನು ಶುದ್ಧಿಮಾಡಿ ಹಿಂತಿರುಗಿಸುವುದು, ಇವು ಒಂದೊಂದಕ್ಕೂ ಅವರ ಉತ್ತರ ಬೇರೆ ಇರಬಹುದು. ಮನೆಯವರು ಹೊರಗಿರುವಾಗ ಕೇಳುವುದು ಒಳ್ಳೆಯದು.

ಭಾಷೆ ಗೊತ್ತಿಲ್ಲದಿದ್ದಾಗ ಕಾಯುವುದೇ ದೊಡ್ಡ ಪರೀಕ್ಷೆ. ದುಭಾಷಿ ಬರುವುದು ತಡವಾಗುತ್ತದೆ, ಕೆಲಸ ರಾಶಿ ಬಿದ್ದಿರುತ್ತದೆ, ಪಕ್ಕದಲ್ಲೇ ಎರಡೂ ಭಾಷೆ ಬಲ್ಲ ಮಗ ನಿಂತಿರುತ್ತಾನೆ. ನೀರು ಬೇಕೇ, ಚಳಿಯೇ ಎಂದು ಕೇಳಲು ಅವನ ನೆರವು ಸಾಕು. ಒಪ್ಪಿಗೆ ಪತ್ರ, ಕೆಟ್ಟ ಸುದ್ದಿ, ಮುಟ್ಟು, ಗರ್ಭ, ಮನೆಯೊಳಗಿನ ಹೊಡೆತ ಇಂಥದ್ದಕ್ಕೆ ಮನೆಯವರು, ಅದರಲ್ಲೂ ಮಕ್ಕಳು ದುಭಾಷಿಯಾಗಬಾರದು. ತಾಯಿ ಮಗನೆದುರು ಹೇಳುವುದಿಲ್ಲ, ಮಗ ಕೇಳಿದ್ದನ್ನೆಲ್ಲ ಹೇಳುವುದಿಲ್ಲ. ದುಭಾಷಿ ಬಂದಾಗ ನೋಟ ರೋಗಿಯ ಕಡೆ ಇರಲಿ. ‘ಇವರಿಗೆ ನೋವಿದೆಯಾ ಕೇಳಿ’ ಎನ್ನದೆ ‘ನಿಮಗೆ ನೋವಿದೆಯಾ?’ ಎಂದೇ ಕೇಳಿ. ಒಂದೆರಡು ವಾಕ್ಯ ಹೇಳಿ ನಿಲ್ಲಿಸಿ. ಇದಕ್ಕೆ ಸಮಯ ಹೆಚ್ಚು ಕಮ್ಮಿ ದುಪ್ಪಟ್ಟು ಹಿಡಿಯುತ್ತದೆ, ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕೊನೆಯಲ್ಲಿ ‘ಅರ್ಥ ಆಯಿತಾ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ನಾನು ಸರಿಯಾಗಿ ಹೇಳಿದೆನಾ ನೋಡೋಣ, ಮನೆಗೆ ಹೋದ ಮೇಲೆ ಈ ಮಾತ್ರೆ ಹೇಗೆ ತಗೋತೀರಿ ಹೇಳಿ’ ಎಂದರೆ ಗೊತ್ತಾಗುತ್ತದೆ.

ನನ್ನ ನಿರೀಕ್ಷೆಯಲ್ಲಿ ಇರದಿದ್ದ ಒಂದು ಪ್ಯಾರಾ ಮಾರ್ಗದರ್ಶಕರ ಸೂಚನೆಯಿಂದ ಸೇರಿತು, ಅದು ಮೈಬಣ್ಣದ್ದು. ಸಂಸ್ಕೃತಿ ಎಂದರೆ ನಂಬಿಕೆ, ಉಡುಗೆ, ಭಾಷೆ ಎಂದಷ್ಟೇ ಅಂದುಕೊಂಡರೆ ಇದು ಬಿಟ್ಟುಹೋಗುತ್ತದೆ. ಒಂದೇ ಮಗ್ಗುಲಲ್ಲಿ ಮಲಗಿ ಚರ್ಮ ಒತ್ತಿ ಆಗುವ ಒತ್ತಡದ ಹುಣ್ಣಿನ ಮೊದಲ ಹಂತವನ್ನು ಪಠ್ಯಗಳು ‘ಒತ್ತಿದರೂ ಬಿಳಿಚದ ಕೆಂಪು’ ಎಂದು ವಿವರಿಸುತ್ತವೆ. ಕಪ್ಪು ಮೈಯಲ್ಲಿ ಆ ಕೆಂಪು ಕಾಣುವುದಿಲ್ಲ. ಅಲ್ಲಿ ಕೈಯಿಂದ ಮುಟ್ಟಿ ನೋಡಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿಯೋ ತಣ್ಣಗೋ, ಗಡುಸೋ ಮೆತ್ತಗೋ, ನೋಯುತ್ತದೆಯೋ. ಬೆಳಕು ಚೆನ್ನಾಗಿರಬೇಕು. ಮೈ ನೀಲಿಗಟ್ಟಿದೆಯೇ ಎಂದು ತುಟಿಯ ಒಳಬದಿ, ನಾಲಿಗೆ, ಕಣ್ಣಿನ ರೆಪ್ಪೆಯ ಒಳಭಾಗದಲ್ಲಿ ನೋಡಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಕಪ್ಪು ಚರ್ಮದಲ್ಲಿ ರಕ್ತದ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಂತ್ರದ ಕಣ್ಣಿಗೆ ಬೀಳದ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಕಂಡುಬಂತು. ಅಂಕಿ ಚೆನ್ನಾಗಿದ್ದು ರೋಗಿ ಚೆನ್ನಾಗಿಲ್ಲ ಅನ್ನಿಸಿದರೆ ರೋಗಿಯನ್ನೇ ನಂಬಿ ವೈದ್ಯರನ್ನು ಕರೆಯಿರಿ.

ಬರೆಯಲು ತೀರಾ ಕಷ್ಟವಾದದ್ದು ಮನೆಯವರ ಒಂದು ಕೋರಿಕೆಯ ಬಗ್ಗೆ: ‘ಸಿಸ್ಟರ್, ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ.’ ಇದಕ್ಕೆ ನೀತಿಸಂಹಿತೆ ತೆಗೆದು ‘ತಿಳಿಯುವುದು ಅವರ ಹಕ್ಕು’ ಎನ್ನುವುದು ಸುಲಭ, ‘ಆಯ್ತು’ ಎನ್ನುವುದು ಇನ್ನೂ ಸುಲಭ. ಎರಡೂ ಒಬ್ಬರನ್ನು ಒಂಟಿ ಮಾಡುತ್ತವೆ. ಹಲವು ಸಮಾಜಗಳಲ್ಲಿ ನಿರ್ಧಾರ ಇಡೀ ಮನೆಯದು. ಸುದ್ದಿ ಮುಚ್ಚಿಡುವವರು ಪ್ರೀತಿಯಿಂದಲೇ ಮುಚ್ಚಿಡುತ್ತಾರೆ. ಮೊದಲು ಮಗನನ್ನೋ ಮಗಳನ್ನೋ ಕೂರಿಸಿ ಏಕೆ ಹಾಗೆ ಅನ್ನಿಸುತ್ತದೆ ಎಂದು ಕೇಳಬೇಕು. ‘ಅಪ್ಪ ಎದೆಗುಂದಿಬಿಡುತ್ತಾರೆ’ ಎಂಬ ಭಯ ಹೊರಬರಲು ಜಾಗ ಬೇಕು. ನಾವಾಗಿ ಹೋಗಿ ಹೇಳುವುದಿಲ್ಲ, ಆದರೆ ಅವರೇ ನೇರವಾಗಿ ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ ಎಂದು ಅವರಿಗೆ ಅಲ್ಲೇ ತಿಳಿಸಬೇಕು. ಆಮೇಲೆ ರೋಗಿಯನ್ನು ಕೇಳಬೇಕಾದ ಪ್ರಶ್ನೆ ಕಾಯಿಲೆಯ ಬಗ್ಗೆ ಅಲ್ಲ: ‘ಪರೀಕ್ಷೆಯ ಫಲಿತಾಂಶ ಬಂದಾಗ ಎಲ್ಲ ವಿವರ ನಿಮಗೇ ಹೇಳಬೇಕಾ, ಮನೆಯಲ್ಲಿ ಯಾರಿಗಾದರೂ ಹೇಳಬೇಕಾ, ಇಬ್ಬರಿಗೂ ಒಟ್ಟಿಗೆ ಹೇಳಬೇಕಾ?’ ‘ಎಲ್ಲ ದೊಡ್ಡ ಮಗನಿಗೆ ಹೇಳಿ’ ಎನ್ನುವವರಿದ್ದಾರೆ. ಅದು ಅವರದೇ ತೀರ್ಮಾನ, ಗೌರವಿಸಬೇಕು. ‘ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ, ಗೊತ್ತು’ ಎನ್ನುವವರೂ ಇದ್ದಾರೆ. ಉತ್ತರವನ್ನು ಅವರದೇ ಮಾತಿನಲ್ಲಿ ಕೇಸ್ ಶೀಟಿಗೆ ಬರೆದು ವೈದ್ಯರಿಗೆ ತಿಳಿಸಬೇಕು. ರೋಗನಿರ್ಣಯ ಹೇಳುವುದು ವೈದ್ಯರ ಕೆಲಸ. ಈ ಪ್ರಶ್ನೆ ಕೇಳುವುದು, ಹೇಳಿದ ಮೇಲೆ ಪಕ್ಕದಲ್ಲಿ ಕೂರುವುದು ನಮ್ಮದು. ಪರೀಕ್ಷೆಗೆ ಕಳಿಸುವ ಮೊದಲೇ ಇದನ್ನು ಕೇಳಿಟ್ಟುಕೊಂಡರೆ ಕಾರಿಡಾರಿನಲ್ಲಿ ಎಳೆದಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಸಾವಿನ ನಂತರದ ಆರೈಕೆಯನ್ನು ಸಂಕ್ಷೇಪವಾಗಿ ಬರೆದರೂ ಸಾಕು, ಬಿಡಬೇಡಿ. ಯಾರು ಮುಟ್ಟಬಹುದು, ಯಾರು ತೊಳೆಯುತ್ತಾರೆ, ತಲೆ ಯಾವ ದಿಕ್ಕಿಗೆ, ಎಷ್ಟು ಬೇಗ ಒಯ್ಯಬೇಕು ಎಂದು ಆಗಲೇ ಕೇಳುವುದಕ್ಕಿಂತ ಮುಂಚೆ ಕೇಳಿದ್ದರೆ ಚೆಂದ. ಮರಣೋತ್ತರ ಪರೀಕ್ಷೆ ಇರುವ ಕೇಸಿನಲ್ಲಿ ನಳಿಕೆ, ಸೂಜಿಗಳನ್ನು ತೆಗೆಯದೆ ಹಾಗೇ ಬಿಡಬೇಕಾಗುತ್ತದೆ. ಏಕೆಂದು ಮನೆಯವರಿಗೆ ಹೇಳದಿದ್ದರೆ ಅದನ್ನು ಅಸಡ್ಡೆ ಎಂದೇ ತಿಳಿಯುತ್ತಾರೆ.

ಈ ಕೆಲಸ ನರ್ಸ್‌ನಿಂದ ಏನು ವಸೂಲಿ ಮಾಡುತ್ತದೆ ಎಂಬುದೂ ತತ್ವದ ಭಾಗ. ‘ಕರುಣೆಯ ಬಳಲಿಕೆ’ ಎಂಬ ಮಾತನ್ನು 1992ರಲ್ಲಿ ಕಾರ್ಲಾ ಜಾಯ್ನ್‌ಸನ್ ನರ್ಸಿಂಗ್ ಬರವಣಿಗೆಗೆ ತಂದರು. ಕರೆಗಂಟೆ ಕೇಳಿದರೆ ಸಿಟ್ಟು ಬರುವುದು, ರೋಗಿಗಳನ್ನು ಮಂಚದ ನಂಬರಿನಿಂದಲೇ ನೆನೆಯುವುದು, ಮನೆಗೆ ಹೋದರೂ ನಿದ್ದೆ ಬಾರದಿರುವುದು ಇದರ ಲಕ್ಷಣ. ಪುಟದಲ್ಲಿ ಎರಡು ಸಾಲು ಇದಕ್ಕೆ ಕೊಡಿ: ಕಷ್ಟದ ಸಾವಿನ ನಂತರ ಐದು ನಿಮಿಷ ಯಾರೊಡನೆ ಮಾತಾಡುತ್ತೀರಿ, ಕೈ ಮೀರಿದಾಗ ಯಾರನ್ನು ಕರೆಯುತ್ತೀರಿ. ನಿಮ್ಮ ಆತ್ಮಸಾಕ್ಷಿ ಒಪ್ಪದ ಆರೈಕೆ ಎದುರಾದರೆ ಏನು ಮಾಡುತ್ತೀರಿ ಎಂಬುದನ್ನೂ ಇಲ್ಲೇ ಹೇಳಿ. ಮೊದಲೇ ಮೇಲಿನವರಿಗೆ ತಿಳಿಸುತ್ತೇನೆ, ಬೇರೆಯವರು ಬಂದು ಹೊಣೆ ಹೊರುವ ತನಕ ರೋಗಿಯನ್ನು ಬಿಟ್ಟು ಹೋಗುವುದಿಲ್ಲ ಎಂಬುದು ನನ್ನ ಉತ್ತರ.

ಉದಾಹರಣೆ ಬಳಸುವಾಗ ಗೋಪ್ಯತೆಯೇ ದೊಡ್ಡ ತೊಡಕು. ಹೆಸರು ಬದಲಿಸಿದರೆ ಸಾಲದು. ವಯಸ್ಸು, ದಿನಾಂಕ, ಮಂಚದ ನಂಬರು, ಅಪರೂಪದ ಕಾಯಿಲೆ, ಊರು ಇವುಗಳಲ್ಲಿ ಎರಡು ಸೇರಿದರೂ ಗುರುತು ಸಿಕ್ಕಿಬಿಡುತ್ತದೆ. ಕೇಸ್ ಶೀಟಿನ ಫೋಟೊ ಯಾವ ಕಾರಣಕ್ಕೂ ಬೇಡ. ನಿಜವಾದ ಒಬ್ಬರ ಕಥೆ ಬೇಕೇಬೇಕು ಎಂದಾದರೆ ಲಿಖಿತ ಒಪ್ಪಿಗೆ, ವಾರ್ಡ್ ಇನ್‌ಚಾರ್ಜ್ ಅನುಮತಿ ಎರಡೂ ಬೇಕು, ಮತ್ತು ಅನುಮತಿ ಬರಲು ಕಾಯಬೇಕಾಗುತ್ತದೆ. ಗಡುವು ಹತ್ತಿರವಿರುವವರು ಈ ದಾರಿ ಹಿಡಿಯದೆ, ಸಂದರ್ಭವನ್ನು ಸಾಮಾನ್ಯವಾಗಿಸಿ ಬರೆಯುವುದು ಲೇಸು.

ಕೊನೆಯ ಸುತ್ತಿನಲ್ಲಿ ಪುಟದ ಮಿತಿ ಕತ್ತು ಹಿಡಿಯುತ್ತದೆ. ಏನನ್ನು ಕತ್ತರಿಸುವುದು? ಸಿದ್ಧಾಂತದ ವಿವರಣೆಯನ್ನು ಕತ್ತರಿಸಿ, ಮಾಡುವ ಕೆಲಸವನ್ನು ಉಳಿಸಿ. ಓದುವವರಿಗೆ ಲೈನಿಂಗರ್ ಗೊತ್ತು, ನೀವು ಗೊತ್ತಿಲ್ಲ. ತಿದ್ದಲು ಕೊಡುವಾಗ ಇಬ್ಬರಿಗೆ ಕೊಡಿ: ಒಬ್ಬರು ಕಲಿಸುವವರು, ಇನ್ನೊಬ್ಬರು ನಿಮ್ಮ ಜೊತೆ ಶಿಫ್ಟ್ ಮಾಡುವವರು. ಕಲಿಸುವವರ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾಗಬಹುದು, ಆ ಕಾಯುವಿಕೆ ನನಗೆ ಬರೆಯುವುದಕ್ಕಿಂತ ಭಾರವಾಗಿತ್ತು. ಆ ಹೊತ್ತನ್ನು ಬಳಸಿಕೊಳ್ಳುವ ದಾರಿ ಇದೆ: ಡ್ಯೂಟಿಗೆ ಹೋಗುವ ಮುನ್ನ ನಿಮ್ಮ ಪುಟದ ಒಂದು ವಾಕ್ಯ ಓದಿಕೊಂಡು ಹೋಗಿ, ಬಂದ ಮೇಲೆ ಅದು ಆ ದಿನ ನಡೆಯಿತೇ ನೋಡಿ. ರಾತ್ರಿಪಾಳಿಯಲ್ಲಿ, ಇಬ್ಬರ ಕೆಲಸ ಒಬ್ಬರೇ ಮಾಡುವ ದಿನದಲ್ಲಿ ನಡೆಯದ ವಾಕ್ಯಗಳನ್ನು ಚಿಕ್ಕದು ಮಾಡಿ. ‘ಪ್ರತಿ ರೋಗಿಯೊಡನೆ ಸಮಯ ಕಳೆಯುತ್ತೇನೆ’ ಎಂಬುದು ‘ಪ್ರತಿ ಶಿಫ್ಟಿನಲ್ಲಿ ಪ್ರತಿ ರೋಗಿಯ ಪಕ್ಕ ಒಮ್ಮೆ ಕೂತು ಒಂದು ಪ್ರಶ್ನೆ ಕೇಳುತ್ತೇನೆ’ ಎಂದಾದರೆ ಅದು ಉಳಿದುಕೊಳ್ಳುತ್ತದೆ.

ಸಂದರ್ಶನದಲ್ಲಿ ಪುಟವನ್ನು ಬಾಯಿಪಾಠ ಒಪ್ಪಿಸಲು ಯಾರೂ ಹೇಳುವುದಿಲ್ಲ. ‘ರೋಗಿಯ ನಂಬಿಕೆಗೂ ಚಿಕಿತ್ಸೆಗೂ ತಿಕ್ಕಾಟ ಬಂದರೆ ಏನು ಮಾಡುತ್ತೀರಿ?’ ಎಂದು ಕೇಳುತ್ತಾರೆ, ಅದಕ್ಕೆ ಉಪವಾಸದಂಥ ಒಂದು ಸಂದರ್ಭವನ್ನು ಮೊದಲಿಂದ ಕೊನೆಯವರೆಗೆ ಹೇಳಲು ಸಿದ್ಧರಿರಿ. ಸಹಿಯಾದ ಪ್ರತಿಯ ಮೇಲೆ ತಾರೀಖು ಹಾಕಿ, ಮೂಲವನ್ನು ನೀವೇ ಇಟ್ಟುಕೊಳ್ಳಿ. ವಾರ್ಡ್ ಬದಲಾದಾಗ ತೆಗೆದು ಓದಿ. ದೊಡ್ಡವರ ವಾರ್ಡಿನಿಂದ ಮಕ್ಕಳ ವಾರ್ಡಿಗೆ ಹೋದರೆ ಒಪ್ಪಿಗೆಯ ಪ್ಯಾರಾ, ನೋವು ಅಳೆಯುವ ಪ್ಯಾರಾ, ಮನೆಯವರ ಪ್ಯಾರಾ ಮೂರನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ಐಸಿಯುಗೆ ಹೋದರೆ ಪ್ರಜ್ಞೆ ಇಲ್ಲದವರ ಪರವಾಗಿ ಯಾರನ್ನು, ಏನೆಂದು ಕೇಳುವುದು ಎಂಬ ಪ್ಯಾರಾ ಸೇರಿಸಬೇಕಾಗುತ್ತದೆ.